ಗುರುಕ್ಕಳ ದಣಿವು

ದಣಿವನ್ನು ರುಜುವಾತು ಮಾಡುವುದು ಬಹಳ ಕಷ್ಟ. ಜ್ವರ ಬಂದರೆ ಹಣೆ ಮುಟ್ಟಿಸಬಹುದು, ಹಲ್ಲುನೋವಾದರೆ ಊದಿದ ಕೆನ್ನೆ ತೋರಿಸಬಹುದು. ದಣಿವಿಗೆ ಸಾಕ್ಷಿಯೇ ಇಲ್ಲ. ಅದರಲ್ಲೂ ಮಟ್ಟಾಂಚೇರಿಯಲ್ಲಿ ಕಳರಿ ಎಂಬ ಮಲಯಾಳಿ ಗರಡಿ ನಡೆಸುತ್ತ ನಾಲ್ಕು ಜನಕ್ಕೆ ಕತ್ತಿ ಗುರಾಣಿ ಹಿಡಿಯುವುದನ್ನು ಕಲಿಸುವ ಮನುಷ್ಯ 'ಸುಸ್ತಾಯಿತು' ಎಂದರೆ, ಅಡುಗೆಭಟ್ಟ 'ಹಸಿವು' ಎಂದ ಹಾಗೆ, ಕೇಳಿದವರು ನಗುತ್ತಾರೆ.

ನಾನು ಕಾಸರಗೋಡಿನವನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೇವರಿದ್ದಾನೆ ಎಂದು ಒಂದು ವರ್ಷ, ಇಲ್ಲ ಎಂದು ಮರುವರ್ಷ ವಾದಿಸಿ, ಎರಡೂ ಸಲ ಗೆದ್ದು, ಕೊನೆಗೆ ಬಹುಮಾನವನ್ನು ಬಿಟ್ಟು ಏನನ್ನೂ ನಂಬದವನಾದವನು. ಕಳರಿಗೆ ಸೇರಿದ್ದು ಬೆನ್ನುನೋವಿಗೆ. ಬೆನ್ನು ಸರಿಹೋಯಿತು, ಆದರೆ ಮುದಿ ಗುರುಗಳು ಊರಿಗೆ ಹೊರಟಾಗ ಕಳರಿಯನ್ನೇ ನನ್ನ ಬೆನ್ನಿಗೆ ಕಟ್ಟಿದರು. ಅಂದಿನಿಂದ ನಾನು 'ಗುರುಕ್ಕಳ್'.

ಕಳರಿಯ ಕ್ರಮ ಸರಳ. ಗುರು ಬಾಯಲ್ಲಿ ಆಜ್ಞೆ ಹೇಳುತ್ತಾನೆ, ಶಿಷ್ಯರು ಮರುಮಾತಿಲ್ಲದೆ ಮೈ ಬಗ್ಗಿಸುತ್ತಾರೆ. ಮರುಮಾತಿಲ್ಲದೆ! ನನ್ನಂಥವನಿಗೆ ಅದು ಹೇಗೆ ಒಗ್ಗೀತು? ಮೊದಲ ಬೆಳಿಗ್ಗೆಯೇ, "ಕಾರಣ ತಿಳಿಯದೆ ಯಾರೂ ಕಾಲೆತ್ತಬೇಡಿ, ಪ್ರಶ್ನೆ ಕೇಳಿ" ಎಂದು ಭಾಷಣ ಬಿಗಿದೆ. ಆ ಒಂದು ವಾಕ್ಯ ಎರಡು ವರ್ಷ ನನ್ನನ್ನು ತಿಂದಿತು.

ಕಾಳುಮೆಣಸಿನ ಮಳಿಗೆಯಲ್ಲಿ ತೂಕ ಮಾಡುವ ವಾಸು ಕೇಳಿದ: "ಆನೆ ಹಾಗೆ ನಿಲ್ಲಿ ಅಂದಿರಲ್ಲ ಗುರುಕ್ಕಳೇ, ಆನೆಗೆ ಕಾಲು ನಾಲ್ಕು, ನಮಗೆ ಎರಡು. ಹಾಗಾದರೆ ಇದು ಆನೆಯೋ, ಅರ್ಧ ಆನೆಯೋ?"

ಅರ್ಧ ಗಂಟೆ ಉತ್ತರಿಸಿದೆ. ಉಳಿದವರು ಆರಾಮವಾಗಿ ಕುಕ್ಕರುಗಾಲಲ್ಲಿ ಕುಳಿತು ಕೇಳಿದರು. ಮರುದಿನ ದೋಣಿಕಟ್ಟೆಯ ಗುಮಾಸ್ತ ಉಮ್ಮರ್ ಎದ್ದ: "ಬಲಗಾಲೇ ಮೊದಲು ಯಾಕೆ? ಎಡಗಾಲು ಏನು ತಪ್ಪು ಮಾಡಿತು?" ಹೀಗೆ ಶಿಷ್ಯರ ಮೈ ಬೆವರಲಿಲ್ಲ, ನನ್ನ ಗಂಟಲು ಬೆವರಿತು. ಬರಬರುತ್ತ ಕಳರಿಯ ಎಣ್ಣೆಯ ವಾಸನೆ ಬಂದರೇ ಮುಸುಕೆಳೆದು ಮಲಗೋಣ ಎನಿಸತೊಡಗಿತು.

ತಿರುವನಂತಪುರದ ಪಟ್ಟಂನಲ್ಲಿ ಅಕ್ಕನ ಮನೆ; ಭಾವ ಸರಕಾರಿ ಕಚೇರಿಯಲ್ಲಿದ್ದರು. ಒಂದು ವಾರಕ್ಕೆಂದು ಬಸ್ಸು ಹತ್ತಿದೆ.

"ಎಂತ ಆಯ್ತು ಮಾರಾಯ? ಕುಸ್ತಿಯವನ ಮೋರೆ ಹೀಗೆ ಬಾಡೂದುಂಟಾ?" ಎಂದಳು ಅಕ್ಕ.

"ಕುಸ್ತಿಯಲ್ಲ ಅಕ್ಕ, ಕಳರಿ. ಇವೆರಡಕ್ಕೂ ಮೂಲಭೂತವಾಗಿ..."

"ಆಯ್ತು, ಮೂಲಭೂತವಾಗಿ ಗಂಜಿ ಉಣ್ಣು."

ಅದಾದ ಮೇಲೆ ಆ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾಲ್ಕು ದಿನ ನಿದ್ದೆ ಮಾಡಿದೆ. ಐದನೆಯ ದಿನ ಹಾಸಿಗೆಯಲ್ಲೇ ತೀರ್ಮಾನವಾಯಿತು: ಕಳರಿ ಮುಚ್ಚುವುದು. ಒಣಶುಂಠಿ ಚೀಲ ಪೇರಿಸಲು ವ್ಯಾಪಾರಿಯೊಬ್ಬ ಆ ಜಾಗ ಕೇಳುತ್ತಲೇ ಇದ್ದ. ಶುಂಠಿ ಪ್ರಶ್ನೆ ಕೇಳುವುದಿಲ್ಲ.

ಹಿಂದಿರುಗಿ ಎಲ್ಲರನ್ನೂ ಕೂರಿಸಿ ಹೇಳಿದೆ: "ನನಗೆ ದಣಿವಾಗಿದೆ. ನಾಳೆಯಿಂದ ಕಳರಿ ಇಲ್ಲ."

ಯಾರೂ ಅಳಲಿಲ್ಲ, ಸ್ವಲ್ಪ ಅಳಬಹುದಿತ್ತು. ವಾಸು ಎದ್ದು ನಿಂತ. "ಕಾರಣ ತಿಳಿಯದೆ ಕಾಲೆತ್ತಬೇಡಿ ಅಂದವರು ನೀವು. ಈಗ ಕಾರಣ ತಿಳಿಯದೆ ಹೊರಗೆ ಕಾಲಿಡಿ ಅಂದರೆ ಹೇಗೆ? ವಾದ ಮಂಡಿಸಿ ಗುರುಕ್ಕಳೇ."

ವಾದವೇ? ಕಿವಿ ನೆಟ್ಟಗಾಯಿತು. ಉಮ್ಮರನನ್ನು ಅಧ್ಯಕ್ಷನನ್ನಾಗಿ ಮಾಡಿ ಶುರುಮಾಡಿದೆ. ದೇಹದ ದಣಿವು ಬೇರೆ, ಮನಸ್ಸಿನದು ಬೇರೆ; ಬಾವಿ ಬತ್ತಿದ ಮೇಲೆ ರಾಟೆ ತಿರುಗಿಸಿ ಫಲವೇನು; ಹೀಗೆ ದೃಷ್ಟಾಂತದ ಮೇಲೆ ದೃಷ್ಟಾಂತ. ಒಂದು ಗಂಟೆ ಹೋದದ್ದೇ ತಿಳಿಯಲಿಲ್ಲ. ಬಹಳ ಚೆನ್ನಾಗಿ ಮಾತಾಡಿದೆ ಎಂದು ನನ್ನ ಅಭಿಪ್ರಾಯ.

ವಾಸುವಿನ ಉತ್ತರ ಚಿಕ್ಕದು. "ಅಧ್ಯಕ್ಷರೇ, ಒಂದು ಗಂಟೆ ನಿಂತುಕೊಂಡು, ನೀರೂ ಕುಡಿಯದೆ, ಮೂರು ಸಲ ಕಂಬ ಗುದ್ದಿ ಮಾತಾಡಿದ ಈ ಮನುಷ್ಯರಿಗೆ ದಣಿವಂತೆ. ನನಗಂತೂ ಕೇಳಿಯೇ ದಣಿವಾಯಿತು."

ಉಮ್ಮರ್ ಮತಕ್ಕೆ ಹಾಕಿದ. ಕಳರಿ ಉಳಿಯಬೇಕು ಎಂದವರೆಲ್ಲ ಕೈಯೆತ್ತಿದರು. ಮುಚ್ಚಬೇಕು ಎನ್ನುವವರು ಎತ್ತಿ ಎಂದಾಗ ಒಂದು ಕೈಯೂ ಮೇಲೇಳಲಿಲ್ಲ. ನನ್ನದೂ ಇಲ್ಲ. ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ವಾಸುವಿಗೆ ಕೊಡಬೇಕಾದ ಮರುತ್ತರವನ್ನು ಮನಸ್ಸಿನಲ್ಲೇ ಹೊಸೆಯುತ್ತಿದ್ದೆ.