ಅತ್ತಿಗೆ ಹುಡುಕಿಕೊಟ್ಟ ವೋಟು

ಮನೆಗೆ ಬಂದವರನ್ನು "ಊಟ ಆಯ್ತಾ?" ಎಂದು ಕೇಳುವುದು ರೂಢಿ. ನಮ್ಮ ಅತ್ತಿಗೆ, ಬಂದವರು ಚಪ್ಪಲಿ ಬಿಡುವುದರೊಳಗೆ ಕೇಳುತ್ತಿದ್ದುದು, "ವೋಟ್ ಹಾಕೀರೇನ್ರಿ?" ಅದೂ ಎಲ್ಲಿ? ಅವರ ತವರು ಧಾರವಾಡದಲ್ಲಲ್ಲ, ಟೆಕ್ಸಾಸಿನ ರೌಂಡ್ ರಾಕಿನಲ್ಲಿ! ವೀಸಾದ ಮೇಲೆ ಬಂದಿದ್ದ ಅವರಿಗೂ ನನಗೂ ಇಲ್ಲಿ ವೋಟೇ ಇರಲಿಲ್ಲ ಎಂಬುದು ಬೇರೆ ಮಾತು.

ಅಣ್ಣ ಕಂಪ್ಯೂಟರ್ ಕಂಪನಿಯಲ್ಲಿ ಮುಳುಗಿದ್ದಾಗ ಅತ್ತಿಗೆ ಆಸ್ಟಿನ್ನಿನಲ್ಲಿ ಎಂ.ಎ.ಗೆ ಸೇರಿಬಿಟ್ಟರು. ಸಂಶೋಧನೆಯ ವಿಷಯ, ಟೆಕ್ಸಾಸಿನ ಲ್ಯಾಟಿನೋ ಜನರ ಮತದಾನದ ಹಕ್ಕು. ಯಾರು ವೋಟು ಹಾಕುತ್ತಾರೆ, ಹಾಕದವರು ಯಾಕೆ ಹಾಕುವುದಿಲ್ಲ ಎಂದು ಮನೆಮನೆಗೆ ಹೋಗಿ ಕೇಳಬೇಕು. ಅತ್ತಿಗೆಗೆ ಡ್ರೈವಿಂಗ್ ಬಾರದು. ಮದುವೆಯಾಗದ ಮೈದುನ ಇರುವುದು ಮತ್ತೇಕೆ? ನನ್ನ ಎರಡು ವರ್ಷದ ಶನಿವಾರಗಳು ಡಲ್ಲಾಸ್, ಹ್ಯೂಸ್ಟನ್ ರಸ್ತೆಗಳಲ್ಲೇ ಸವೆದವು.

ಅವರ ಜಡೆ, ಮೈಬಣ್ಣ ನೋಡಿ ಬಾಗಿಲು ತೆಗೆದವರು ತಮ್ಮವಳೇ ಎಂದುಕೊಂಡು ಸ್ಪ್ಯಾನಿಷ್ ಶುರು ಮಾಡುತ್ತಿದ್ದರು. ಇವರೂ ಧಾರವಾಡದ ಧಾಟಿಯ ಸ್ಪ್ಯಾನಿಷಿನಲ್ಲಿ ಉತ್ತರಿಸಿ ಒಳಗೆ ಹೋದರೆಂದರೆ ಎರಡು ತಾಸು! ನಾನು ಕಾರಿನಲ್ಲಿ ಬೇಯುತ್ತಿದ್ದೆ.

"ಹತ್ತು ನಿಮಿಷ ಅಂದಿದ್ರಿ ಅತ್ತಿಗೆ!"

"ಪ್ರಶ್ನಿ ಹತ್ತ ನಿಮಿಷದಾಗ ಮುಗದ್ವು. ಉಳದದ್ದು ಅವರ ಸೊಸಿ ವಿಷಯ. ಅರ್ಧಕ್ಕ ಬಿಟ್ಟು ಏಳ್ಲಿಕ್ಕೆ ಬರತದೇನು?"

ಹ್ಯೂಸ್ಟನ್ನಿಗೆ ಹೋದಾಗ ಪೇರ್‌ಲ್ಯಾಂಡಿನ ದೇವಸ್ಥಾನಕ್ಕೂ ಹೋಗುತ್ತಿದ್ದೆವು. ಅಲ್ಲಾದರೂ ಸುಮ್ಮನಿರಬಾರದೇ? ಇಲ್ಲಿಯ ಪೌರತ್ವ ಪಡೆದಿದ್ದ ನಮ್ಮವರೊಬ್ಬರನ್ನು ಹಿಡಿದರು. "ಟೈಮೇ ಸಿಗಲ್ಲಮ್ಮ," ಎಂದರು ಪಾಪ. "ಪುಳಿಯೋಗರೆ ಕ್ಯೂನಾಗ ಅರ್ಧ ತಾಸು ನಿಂತೀರಲ್ಲ ಅಂಕಲ್!" ಆ ಅಂಕಲ್ ಆಮೇಲೆ ನಮ್ಮನ್ನು ಕಂಡರೆ ಪ್ರದಕ್ಷಿಣೆಯ ದಿಕ್ಕನ್ನೇ ಬದಲಿಸುತ್ತಿದ್ದರು.

ಚುನಾವಣೆಯ ದಿನ ಆಸ್ಟಿನ್ನಿನ ಒಂದು ಶಾಲೆಯಿಂದ ಸ್ವಲ್ಪ ದೂರ ನಿಂತಿದ್ದೆವು. 'ನೋಡಿ, ಬರೆದುಕೊಳ್ಳಿ, ಮೂಗು ತೂರಿಸಬೇಡಿ' ಎಂಬುದು ಪ್ರೊಫೆಸರರ ಅಪ್ಪಣೆ. ಅತ್ತಿಗೆಗೆ ಇಂಥ ಅಪ್ಪಣೆಯೇ! ಅತ್ತಿಗೆ ಮನೆಗೆ ಹೋಗಿ ಮಾತಾಡಿಸಿದ್ದವರಲ್ಲಿ ಒಬ್ಬರಾದ ಎಲೆನಾ ಎಂಬ ಅಜ್ಜಿ ಇಸ್ತ್ರಿ ಮಾಡಿದ ನೀಲಿ ಗೌನು ತೊಟ್ಟು ಬಂದರು. ಅದೇ ವರ್ಷ ಪೌರತ್ವ ಸಿಕ್ಕಿತ್ತು. ಎಪ್ಪತ್ತು ದಾಟಿದ ಮೇಲೆ ಜೀವನದ ಮೊದಲ ವೋಟು. ನಮಗೆ ಕೈಬೀಸಿ ಒಳಗೆ ಹೋದವರು ಎರಡೇ ನಿಮಿಷಕ್ಕೆ ವಾಪಸು ಬಂದರು. ಪಟ್ಟಿಯಲ್ಲಿ ಹೆಸರೇ ಇಲ್ಲವಂತೆ. "ನನ್ನನ್ನು ಇನ್ನೂ ಈ ದೇಶದವಳು ಮಾಡಿಕೊಂಡಿಲ್ಲವೋ ಏನೋ," ಎಂದು ಪರ್ಸಿನಿಂದ ಫೋನ್ ತೆಗೆದರು. ಮಗಳಿಗೆ ಫೋನ್ ಮಾಡಿ ಮನೆಗೆ ಹೋಗಿಬಿಡುತ್ತೇನೆ ಎಂದರು.

ಅತ್ತಿಗೆ ಪೆನ್ನು ತೆಗೆದರು. "ಪ್ರೊಫೆಸರು ಬೇಡ ಅಂದಿದ್ದಾರೆ," ಎಂದು ಪಿಸುಗುಟ್ಟಿದೆ.

"ಪ್ರೊಫೆಸರ್ ಹೆಸರು ವೋಟರ್ ಯಾದ್ಯಾಗ ಇರತದಲ್ಲ, ಅವರಿಗೇನು ಗೊತ್ತು! ಈ ಲ್ಯಾಟಿನೋ ಮಂದಿಗೆ ಅಪ್ಪನ ಕಡೀದು ಒಂದು, ಅವ್ವನ ಕಡೀದು ಒಂದು ಮನಿ ಹೆಸರು. ಒಂದ್ರಾಗ ಸಿಗಲಿಲ್ಲ ಅಂದ್ರ ಇನ್ನೊಂದ್ರಾಗ ಸಿಗತದ."

ತಾಯಿಯ ಕಡೆಯ ಹೆಸರನ್ನು ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದು, ಇದರ ಕೆಳಗೆ ಹುಡುಕಿಸಿ ಎಂದು ಅಜ್ಜಿಯನ್ನು ಮತ್ತೆ ಒಳಗೆ ಅಟ್ಟಿದರು. ಐದು ನಿಮಿಷ ಆಯಿತು, ಹತ್ತಾಯಿತು. ಕೊನೆಗೆ ಅಜ್ಜಿ ಎದೆಯ ಮೇಲೆ 'ವೋಟ್ ಹಾಕಿದೆ' ಎಂಬ ಸ್ಟಿಕ್ಕರ್ ಅಂಟಿಸಿಕೊಂಡು ಬಂದು ಅತ್ತಿಗೆಯನ್ನು ಗಟ್ಟಿಯಾಗಿ ತಬ್ಬಿಕೊಂಡರು. ನನಗಂತೂ ಹೋದ ಜೀವ ಬಂದಂತಾಯಿತು!

ವಾಪಸು ಬರುವಾಗ ಕೇಳಿದೆ, "ಅಷ್ಟು ಬೇಗ ನಿಮಗೆ ಹೇಗೆ ಹೊಳೀತು ಅತ್ತಿಗೆ?"

"ನಂದೂ ಹಿಂಗ ಆಗಿತ್ತೋ. ಮದುವ್ಯಾಗ ನಿಮ್ಮ ಮನಿಯವರು ಅಕ್ಕಿಯೊಳಗ ಹೊಸಾ ಹೆಸರು ಬರಸಿದ್ರು. ತವರಿನ ಯಾದ್ಯಾಗ ಹಳೇದು ಹೊಡದು ಹಾಕಿದ್ರು, ನಿಮ್ಮ ಬೆಂಗಳೂರಾಗ ಹೊಸಾದು ಸಿಗಲಿಲ್ಲ. ಆಮ್ಯಾಲೆ ಇಲ್ಲಿಗೆ ಬಂದ್ವಿ. ನಾ ಇನ್ನೂ ಒಮ್ಮೆನೂ ವೋಟ್ ಹಾಕಿಲ್ಲ."

ಆ ಅಕ್ಕಿಯ ತಟ್ಟೆ ಹಿಡಿದುಕೊಂಡು ನಿಂತಿದ್ದವನು ನಾನೇ. ಹದಿನಾಲ್ಕು ವರ್ಷ ಅವರ ಕೈಯ ಊಟ ಉಂಡರೂ ಹಳೆಯ ಹೆಸರು ಏನೆಂದು ಕೇಳಿರಲಿಲ್ಲ. ನಾಚಿಕೆಯಾಯಿತು. ಕೇಳಿದೆ. ಅತ್ತಿಗೆ ಮೆಲ್ಲಗೆ ಹೇಳಿದರು. ಆ ಹೆಸರಿಗೆ 'ಅತ್ತಿಗೆ' ಸೇರಿಸಿ ಒಂದು ಸಲ ಜೋರಾಗಿ ಕರೆದೆ.

ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ ಅತ್ತಿಗೆ, "ಓ," ಎಂದರು.