ಪ್ರಶ್ನೆಪತ್ರಿಕೆ ಬರೆದ ಆಟದ ಪೆಟ್ಟಿಗೆ

ಅನಾಹುತಕ್ಕೆಲ್ಲ ಮೂಲ ಹೆಂಡತಿಯ ಕಾಲಿನ ಹೆಬ್ಬೆರಳು. ಶನಿವಾರ ಬೆಳಿಗ್ಗೆ ಮಂಚದ ಕೆಳಗೆ ಗುಡಿಸುವಾಗ ಅದು ಗಟ್ಟಿಯಾದ ಯಾವುದಕ್ಕೋ ಬಡಿಯಿತು. ಆಕೆ ಬಗ್ಗಿ ಎಳೆದಳು. ನಾಲ್ಕು ವಿಡಿಯೋ ಗೇಮ್ ಪೆಟ್ಟಿಗೆಗಳು ಒಂದರ ಬಾಲ ಇನ್ನೊಂದು ಹಿಡಿದಂತೆ ವೈರುಗಳ ಸಮೇತ ಹೊರಗೆ ಬಂದವು.

"ರೀ, ಇವು ಆಟ ಆಡೋ ಪೆಟ್ಟಿಗೆ ತಾನೆ? ನೀವು ಒಂದು ದಿನಾನಾದ್ರೂ ಆಡಿದ್ದು ನಾನು ನೋಡಿಲ್ಲ."

"ಆಡೋಕಲ್ಲ ಕಣೇ," ಎಂದ ಗಂಡ. ಅವನು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಗುಮಾಸ್ತ, ಅವತ್ತು ರಜೆ. "ಇವುಗಳಲ್ಲಿ ಲಿನಕ್ಸ್ ಓಡಿಸ್ತೀನಿ. ಆಗ ಕಂಪ್ಯೂಟರ್ ಥರಾನೇ ಕೆಲಸ ಮಾಡ್ತವೆ."

"ಮೇಜಿನ ಮೇಲೆ ಕಂಪ್ಯೂಟರ್ ಇದೆಯಲ್ಲ?"

"ಇದೆ."

"ಕೆಟ್ಟಿದೆಯಾ?"

"ಚೆನ್ನಾಗೇ ಇದೆ."

"ಮತ್ತೆ?"

ಈ 'ಮತ್ತೆ'ಗೆ ಅವನಲ್ಲಿ ಚಿಕ್ಕ ಉತ್ತರವಿರಲಿಲ್ಲ. ಲಿನಕ್ಸ್ ಎಂದರೆ ಯಾರು ಬೇಕಾದರೂ ಬಿಚ್ಚಿ ನೋಡಿ, ತಿದ್ದಿ, ಹಂಚಬಹುದಾದ ತಂತ್ರಾಂಶ; ಪೆಟ್ಟಿಗೆ ಮಾಡಿದವರು ಬೇರೇನೂ ಒಳಗೆ ಹೋಗದಂತೆ ಬೀಗ ಜಡಿದಿರುತ್ತಾರೆ; ಆ ಬೀಗ ತಪ್ಪಿಸಿ ಹಿತ್ತಿಲ ಕಿಟಕಿಯಿಂದ ಅದನ್ನು ಒಳಗಿಳಿಸುವುದೇ ಒಂದು ಸುಖ ಎಂದು ವಿವರಿಸಿದ. ಹೆಬ್ಬೆರಳು ಊದಿಕೊಂಡವಳಿಗೆ ಆ ಸುಖ ತಲೆಗೆ ಹೋಗಲಿಲ್ಲ.

ಆಕೆ ಶಾಲೆಯಲ್ಲಿ ಮೇಡಂ. ಪರೀಕ್ಷೆ ಇಡದೆ ಯಾರನ್ನೂ ಪಾಸು ಮಾಡಿದವಳಲ್ಲ. "ಸಂಜೆ ಐದಕ್ಕೆ ಬರ್ತೀನಿ. ಅಷ್ಟರಲ್ಲಿ ಐದನೇ ತರಗತಿ ವಿಜ್ಞಾನದ ಪ್ರಶ್ನೆಪತ್ರಿಕೆ ಈ ಡಬ್ಬದಲ್ಲೇ ಟೈಪ್ ಮಾಡಿ ಪ್ರಿಂಟ್ ತೆಗೆದಿಡಿ. ಕಂಪ್ಯೂಟರ್ ಮುಟ್ಟೋ ಹಾಗಿಲ್ಲ. ಆಗ್ಲಿಲ್ವೋ, ನಾಲ್ಕೂ ಗುಜರಿಗೆ. ಅಮ್ಮಾ, ಇವರ ಮೇಲೆ ಒಂದು ಕಣ್ಣಿಟ್ಟಿರು."

ಅತ್ತೆ ಒಂದಲ್ಲ, ಎರಡೂ ಕಣ್ಣಿಟ್ಟರು.

ಗುಮಾಸ್ತ ಬಾಯಿಬಿಡದ ಸಂಗತಿಯೊಂದಿತ್ತು. ಲಿನಕ್ಸ್ ಆ ಪೆಟ್ಟಿಗೆಗಳಲ್ಲಿ ನೆಂಟನ ಹಾಗೆ ಇರುತ್ತಿತ್ತೇ ಹೊರತು ಮನೆಯವನ ಹಾಗಲ್ಲ. ಕರೆಂಟ್ ತಪ್ಪಿದ ಗಳಿಗೆಯಲ್ಲೇ ಹೇಳದೆ ಕೇಳದೆ ಎದ್ದು ಹೋಗುತ್ತಿತ್ತು. ಮತ್ತೆ ಕರೆತರಬೇಕಾದರೆ ಕಂಪ್ಯೂಟರಿಗೆ ವೈರು ಜೋಡಿಸಿ ಅಲ್ಲಿಂದ ಪೆಟ್ಟಿಗೆಗೆ ಲಿನಕ್ಸ್ ಉಣಿಸಬೇಕು. ಅಂದರೆ, ಕಂಪ್ಯೂಟರೇ ಬೇಡವೆನಿಸುವ ಪೆಟ್ಟಿಗೆಗೆ ಪ್ರತಿಸಲವೂ ಕಂಪ್ಯೂಟರ್ ಬೇಕು. ಹವ್ಯಾಸಿಗಳು ಇದನ್ನು ದೋಷವೆಂದು ಎಣಿಸುವುದಿಲ್ಲ. ಹೆಂಡತಿಯರಿಗೆ ಹೇಳುವುದೂ ಇಲ್ಲ.

ಅತ್ತೆ ಸ್ನಾನಕ್ಕೆ ಹೋದಾಗ ಮೊದಲ ಕೈತುತ್ತು ಮುಗಿಯಿತು. ಅವರು ಹೊರಬರುವಷ್ಟರಲ್ಲಿ ವೈರು ಜೇಬಿನಲ್ಲಿತ್ತು, ಗುಮಾಸ್ತ ಸಜ್ಜನನಂತೆ ಟೈಪ್ ಮಾಡುತ್ತಿದ್ದ. ಒಂದಕ್ಷರ ಒತ್ತಿದರೆ ಅದು ಯೋಚಿಸಿ, ಸಂಕೋಚಪಟ್ಟು, ಪರದೆಯ ಮೇಲೆ ಬರುತ್ತಿತ್ತು. ಮೇಜಿನಡಿ ಕಾಲಿಗೆ ತಾಗಿಕೊಂಡಿದ್ದ ಪೆಟ್ಟಿಗೆಯ ಫ್ಯಾನು ಬೊಬ್ಬೆ ಹಾಕುತ್ತಿತ್ತು. ಏಳನೇ ಪ್ರಶ್ನೆ, 'ಶಾಖವು ಹರಡುವ ಮೂರು ವಿಧಾನಗಳು ಯಾವುವು?' ಬರುವ ಹೊತ್ತಿಗೆ ಮೂರೂ ಅವನ ಮೊಣಕಾಲಿನ ಅನುಭವಕ್ಕೆ ಬಂದಿದ್ದವು.

ನೀರು ಕುಡಿದು ಬರುವಷ್ಟರಲ್ಲಿ ಕೋಣೆ ನಿಶ್ಶಬ್ದ. ಅತ್ತೆ ಪ್ಲಗ್ ಕಿತ್ತು ತಮ್ಮ ಮೊಬೈಲ್ ಚಾರ್ಜಿಗೆ ಹಾಕಿದ್ದರು.

"ಅತ್ತೇ! ಏನ್ಮಾಡಿಬಿಟ್ರಿ!"

"ಎರಡೇ ಎರಡು ನಿಮಿಷ ಅಳಿಯಂದ್ರೇ. ಅದಕ್ಕೂ ಸ್ವಲ್ಪ ಉಸಿರಾಡೋಕೆ ಬಿಡಿ, ಹೆರಿಗೆ ನೋವು ಬಂದೋರ ಥರ ಕೂಗ್ತಿತ್ತು."

ಅವರು ಅಡುಗೆಮನೆಗೆ ಹೋಗುವವರೆಗೆ ಕಾದು ಎರಡನೇ ಸಲ ಉಣಿಸಿದ. ಉಳಿಸಿಡದ ಏಳು ಪ್ರಶ್ನೆಗಳು ನೆಂಟನ ಜೊತೆ ಹೋಗಿದ್ದವು. ಮತ್ತೆ ಟೈಪ್ ಮಾಡಿದ. ಹತ್ತೊಂಬತ್ತಕ್ಕೆ ಬಂದಾಗ ಬಾಗಿಲು ಬಡಿಯಿತು. ಕೆಳಗಿನ ಮನೆಯ ನಿವೃತ್ತ ಲೈನ್‌ಮನ್.

"ಏನ್ ಸ್ವಾಮಿ, ಮನೇಲಿ ಹಿಟ್ಟಿನ ಗಿರಣಿ ಇಟ್ಟಿದ್ದೀರಾ? ನಮ್ಮ ಸೂರು ನಡುಗ್ತಿದೆ."

ಒಳಗೆ ಬಂದವರು ಮೂಗೆತ್ತಿ ಎರಡು ಸಲ ಮೂಸಿದರು. "ಸುಟ್ಟ ವಾಸನೆ! ಯಾರೂ ಅಲ್ಲಾಡಬೇಡಿ!" ಎನ್ನುತ್ತಲೇ ಮೇನ್ ಸ್ವಿಚ್ ಇಳಿಸಿದರು. ಸುಟ್ಟ ವಾಸನೆ ಒಲೆಯ ಮೇಲಿನ ಹಾಲಿನದು. ಅದು ಗೊತ್ತಾಗಿ ಸ್ವಿಚ್ ಮೇಲೇರುವಷ್ಟರಲ್ಲಿ ನೆಂಟ ಊರು ಬಿಟ್ಟಾಗಿತ್ತು.

ಗಂಟೆ ಮೂರೂವರೆ. ಈಗ ಕಾವಲಿಗೆ ಇಬ್ಬರು, ನಾಲ್ಕು ಕಣ್ಣು. ಗುಮಾಸ್ತ ಬೆವರೊರೆಸಿಕೊಂಡು ತನ್ನ ಜೀವಮಾನದ ಒಂದೇ ಒಂದು ರಾಜತಂತ್ರ ಹೂಡಿದ.

"ಸಾರ್, ನಿಮ್ಮ ಸರ್ವೀಸಲ್ಲಿ ಎಂಥೆಂಥ ಶಾರ್ಟ್ ಸರ್ಕ್ಯೂಟ್ ನೋಡಿದೀರಿ! ನಮ್ಮ ಅತ್ತೆಗೆ ಸ್ವಲ್ಪ ಹೇಳಿ."

ಲೈನ್‌ಮನ್ ಕುರ್ಚಿ ಎಳೆದುಕೊಂಡು, ಕಣ್ಣು ಮುಚ್ಚಿ ಶುರುಮಾಡಿದರು. ಅವರ ಸೇವಾವಧಿ ಮೂವತ್ತೆರಡು ವರ್ಷ. ಎರಡನೇ ಕಂಬದಿಂದ ಅವರು ಬಿದ್ದ ಪ್ರಸಂಗಕ್ಕೆ ಬರುವಾಗ ಅತ್ತೆ ಬೆನ್ನು ತಿರುಗಿಸಿ, ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು. ಆ ಬೆನ್ನಿನ ಹಿಂದೆ ಮೂರನೇ ಸಲದ ಉಣಿಸುವಿಕೆ ನಡೆಯಿತು.

ಐದಕ್ಕೆ ಐದು ನಿಮಿಷವಿದ್ದಾಗ ಪ್ರಿಂಟರ್ ಪ್ರಶ್ನೆಪತ್ರಿಕೆಯನ್ನು ಹೊರಚಾಚಿತು. ಇಪ್ಪತ್ತೈದು ಪ್ರಶ್ನೆ, ಒಂದು ದೀರ್ಘವೂ ತಪ್ಪಿರಲಿಲ್ಲ. ಆಗಷ್ಟೇ ಬಂದ ಹೆಂಡತಿ ನಿಂತೇ ಎರಡು ಸಲ ಓದಿದಳು.

"ಅಮ್ಮಾ, ಕಂಪ್ಯೂಟರ್ ಮುಟ್ಟಿದ್ರಾ?"

"ಅದರ ಕಡೆ ತಿರುಗಿ ಕೂಡ ನೋಡಿಲ್ಲಮ್ಮ."

"ನಾನೂ ಸಾಕ್ಷಿ," ಎಂದರು ಲೈನ್‌ಮನ್. "ಎಲ್ಲಾ ಆ ಗಿರಣೀಲೇ ಆಗಿದ್ದು."

ಹೆಂಡತಿ ಪ್ರಶ್ನೆಪತ್ರಿಕೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. "ತಪ್ಪಾಯ್ತು ರೀ. ನಿಮ್ಮನ್ನ ತಿಳ್ಕೊಳ್ಳೋಕೆ ನನಗೆ ಇಷ್ಟು ವರ್ಷ ಬೇಕಾಯ್ತು. ನಾಲ್ಕೂ ಇಲ್ಲೇ ಇರ್ಲಿ, ಮಂಚದ ಕೆಳಗಲ್ಲ, ಮೇಜಿನ ಮೇಲೆ."

ಗುಮಾಸ್ತ ಉಬ್ಬಿಹೋದ. ಇದಕ್ಕಿಂತ ದೊಡ್ಡ ಕೆಲಸವೂ ಈ ಪೆಟ್ಟಿಗೆಗಳಿಂದ ಆಗುತ್ತದೆ, ಕಂಪ್ಯೂಟರೆಲ್ಲ ಬರೀ ಶೋಕಿ ಎಂದ. ಅಷ್ಟು ಹೇಳದಿದ್ದರೂ ನಡೆಯುತ್ತಿತ್ತು.

"ನನಗೂ ಹಾಗೇ ಅನ್ನಿಸ್ತು," ಎಂದು ಹೆಂಡತಿ ಫೋನ್ ತೆಗೆದಳು.

ಕಾಲು ಗಂಟೆಯಲ್ಲಿ ಅವಳ ತಂಗಿ ಗಂಡನ ಜೊತೆ ಸ್ಕೂಟರಿನಲ್ಲಿ ಬಂದಿಳಿದಳು. "ಭಾವ, ನಿಮ್ಮ ಉಪಕಾರ ಮರೆಯೋಲ್ಲ. ನಮ್ಮ ಕಂಪ್ಯೂಟರ್ ಸತ್ತು ತಿಂಗಳಾಯ್ತು. ನಿಮ್ಮನೇದು ಸುಮ್ನೆ ಕೂತಿದೆ, ತಗೊಂಡು ಹೋಗು ಅಂತ ಅಕ್ಕ ಅಂದಾಗ ನಂಬೋಕೇ ಆಗಲಿಲ್ಲ."

ಗುಮಾಸ್ತ ಬಾಯಿ ತೆರೆದ. ಹೆಂಡತಿ, ಅತ್ತೆ, ಲೈನ್‌ಮನ್, ಮೂವರೂ ಹೆಮ್ಮೆಯಿಂದ ಅವನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿದ.

ಷಡ್ಡಕ ಕೆಲಸದಲ್ಲಿ ಚುರುಕು. ಮೇಜಿನಡಿ ನುಗ್ಗಿ, ಯಾವುದು ಯಾವುದರ ವೈರೆಂದು ಹುಡುಕುವ ಗೋಜಿಗೆ ಹೋಗದೆ ಎಕ್ಸ್‌ಟೆನ್ಷನ್ ಬೋರ್ಡನ್ನೇ ಗೋಡೆಯಿಂದ ಕಿತ್ತ. ಗಿರಣಿ ನಿಂತಿತು. ಸ್ಕೂಟರು ಕಂಪ್ಯೂಟರಿನೊಂದಿಗೆ ಬೀದಿಯ ತಿರುವಿನಲ್ಲಿ ಮರೆಯಾಯಿತು.

ಹೆಂಡತಿ ಚೀಲದಿಂದ ಕಾಗದದ ಕಟ್ಟೊಂದನ್ನು ತೆಗೆದು ಅವನ ಕೈಗಿಟ್ಟಳು. "ಆರನೇ ತರಗತಿದು, ಏಳನೇ ತರಗತಿದು. ಸೋಮವಾರ ಬೆಳಿಗ್ಗೆಗೆ ಬೇಕು. ಹೆಡ್‌ಮೇಡಂಗೂ ಹೇಳಿಬಿಟ್ಟಿದೀನಿ, ಇನ್ಮೇಲೆ ಇಡೀ ಶಾಲೇದು ನಮ್ಮನೇಲೇ ಅಂತ."

"ಅಯ್ಯೋ, ಅವರಿಗೇನಮ್ಮ ಕಷ್ಟ," ಎಂದರು ಅತ್ತೆ. "ಪ್ಲಗ್ ಹಾಕಿದ್ರೆ ಆಯ್ತು."