ಎರಡು ವಿಷಲ್ ಊದಿದರೆ ಬಸ್ಸು ಹೋಗಲೇಬೇಕು

ಟೈಲರ್: ಬಸ್ಸು ಹೋಯ್ತಲ್ಲೋ ಪುಣ್ಯಾತ್ಮ!

ಕಂಡಕ್ಟರ್: ಹೋಗದೆ ಇನ್ನೇನು? ಎರಡು ವಿಷಲ್ ಊದಿದ್ರೆ ಬಸ್ಸು ಹೋಗ್ಲೇಬೇಕು. ಅದು ಶಿಸ್ತು.

ಟೈಲರ್: ಊದಿದೋನು ನೀನೇ ಕೆಳಗಿದ್ದೀಯಲ್ಲ!

ಕಂಡಕ್ಟರ್: ಮೂವತ್ತು ವರ್ಷ ಹೀಗೇ ಊದಿದ್ದು. ಹೊರಟ ಮೇಲೆ ಓಡಿ ಹತ್ತೋದು. ಈ ದೇಶದಲ್ಲಿ ಬಾಗಿಲು ತಾನಾಗೇ ಮುಚ್ಕೊಳ್ಳುತ್ತೆ ಅಂತ ನಂಗೇನು ಕನಸು ಬಿದ್ದಿತ್ತಾ?

ಮೇಷ್ಟ್ರು: ನಾಲ್ಕು ದಿನದಿಂದ ಮುಚ್ಕೊಳ್ತಾನೇ ಇದೆ.

ಕಂಡಕ್ಟರು ನಿವೃತ್ತರಾಗಿ ಎರಡು ವರ್ಷವಾದರೂ ಅವರ ಕೊರಳಿನ ವಿಷಲ್ ನಿವೃತ್ತವಾಗಿರಲಿಲ್ಲ. ಪರದೇಶದ ಪ್ರವಾಸಕ್ಕೂ ಅದು ಜೊತೆಗೇ ಬಂದಿತ್ತು. ಮೊದಲ ದಿನ ತಮಾಷೆಗೆ ಊದಿದ್ದು ಡ್ರೈವರಿಗೆ ಎಷ್ಟು ಹಿಡಿಸಿತೆಂದರೆ, ಆಮೇಲೆ ವಿಷಲ್ ಕೇಳದೆ ಅವನು ಬಸ್ಸು ಬಿಡುತ್ತಲೇ ಇರಲಿಲ್ಲ. ಇಷ್ಟು ದಿನ ಒಳಗೆ ನಿಂತು ಊದುತ್ತಿದ್ದವರು, ಇವತ್ತು ಸಂಜೆ ಗತ್ತು ಹೆಚ್ಚಾಗಿ, ಗೆಳೆಯರಿಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ನೆಲದ ಮೇಲಿಂದಲೇ ಊದಿದ್ದರು. ನಾಲ್ವರಲ್ಲಿ ಅವರ ಹೆಂಡತಿ ಮಾತ್ರ ಬಸ್ಸಿನಲ್ಲಿದ್ದಳು. ಏಳು ಗಂಟೆಗೆ ದೋಣಿ ವಿಹಾರ.

ಟೈಲರ್: ಫೋನ್ ಮಾಡೋ ಅವರಿಗೆ.

ಕಂಡಕ್ಟರ್: ಫೋನು ಅವಳ ಬ್ಯಾಗಲ್ಲಿದೆ.

ಮೇಷ್ಟ್ರು: ನಮ್ಮವೂ ಅಲ್ಲೇ ಇವೆ. ಪಾಸ್‌ಪೋರ್ಟೂ ಅಲ್ಲೇ. 'ಕಳ್ಳರಿದ್ದಾರೆ, ಕೊಡಿ' ಅಂತ ನೀನೇ ಇಸ್ಕೊಂಡೆ.

ಕಂಡಕ್ಟರ್: ತಾಳ್ರೋ! ಒಂದೇ ವಿಷಲ್ ಊದಿದ್ರೆ ನಿಲ್ಲು ಅಂತ ಅರ್ಥ.

ಉದ್ದಕ್ಕೆ ಊದಿದರು. ಬಸ್ಸು ಆಗಲೇ ತಿರುವು ದಾಟಿತ್ತು. ಆದರೆ ಎರಡು ಸೈಕಲ್ಲು, ಒಂದು ಹಾಲಿನ ವ್ಯಾನು, ರಸ್ತೆ ದಾಟುತ್ತಿದ್ದ ಒಬ್ಬರು ಅಜ್ಜಿ, ಎಲ್ಲರೂ ಗಕ್ಕನೆ ನಿಂತು ಇವರನ್ನೇ ನೋಡತೊಡಗಿದರು.

ಮೇಷ್ಟ್ರು: ಕಳಿಸೋ ಅವರನ್ನ! ಅಜ್ಜಿ ನಡುರಸ್ತೆಯಲ್ಲಿದ್ದಾರೆ!

ಕಂಡಕ್ಟರು ಗಡಿಬಿಡಿಯಲ್ಲಿ ಎರಡು ಸಲ ಊದಿದರು. ಅಜ್ಜಿ ಹೊರಟರು.

ಟೈಲರ್: ನೋಡು, ಅಜ್ಜಿಗಿರೋ ಬುದ್ಧಿ ನಿನಗಿಲ್ಲ. ಊದಿದ ಮೇಲೆ ಹೋದ್ರು.

ಕಂಡಕ್ಟರಿಗೆ ನಗು ಬರಲಿಲ್ಲ. ಮೂವತ್ತು ವರ್ಷದಲ್ಲಿ ಒಬ್ಬ ಪ್ರಯಾಣಿಕನನ್ನೂ ದಾರಿಯಲ್ಲಿ ಬಿಟ್ಟವರಲ್ಲ. ಈಗ ಹೆಂಡತಿಯನ್ನೇ ಕಳಿಸಿಬಿಟ್ಟಿದ್ದರು.

ಕಂಡಕ್ಟರ್: ಅವಳಿಗೆ ಇಲ್ಲಿನ ಭಾಷೆ ಒಂದಕ್ಷರ ಬರಲ್ಲ ಕಣ್ರೋ. ಪಾಪ, ಅಳ್ತಾ ಕೂತಿರ್ತಾಳೆ.

ಕಾಲು ಗಂಟೆಯಾದ ಮೇಲೆ ಬಸ್ಸು ತಿರುಗಿ ಬಂತು. ಕಂಡಕ್ಟರು ಈ ಸಲ ಎಲ್ಲರಿಗಿಂತ ಮೊದಲು ಹತ್ತಿದರು. ಅವರದೇ ಕಿಟಕಿ ಸೀಟಿನಲ್ಲಿ ಹೆಂಡತಿ ಕಾಲು ಚಾಚಿ ಕೂತಿದ್ದಳು, ಪಕ್ಕದ ಸೀಟಿನಲ್ಲಿ ಅವಳ ಬ್ಯಾಗು.

ಕಂಡಕ್ಟರ್: ಗಾಬರಿ ಆಯ್ತೇನೆ? ನಾನಿಲ್ಲ ಅಂತ ಯಾವಾಗ ಗೊತ್ತಾಯ್ತು?

ಹೆಂಡತಿ: ಬಾಗಿಲು ಮುಚ್ಚಿದಾಗ್ಲೇ. ನೀವು ಕೈ ಬೀಸ್ತಾ ಓಡಿ ಬರ್ತಿದ್ದದ್ದು ಚೆನ್ನಾಗಿ ಕಾಣ್ತಿತ್ತು.

ಕಂಡಕ್ಟರ್: ಮತ್ತೆ ಆಗ್ಲೇ ನಿಲ್ಲಿಸ್ಲಿಲ್ಲ ಯಾಕೆ?

ಹೆಂಡತಿ: 'ಮೂವತ್ತು ವರ್ಷ ನಿಂತಿದ್ದೀನಿ, ಕಿಟಕಿ ನಂದು' ಅಂತ ನಾಲ್ಕು ದಿನದಿಂದ ಒಂದು ಘಳಿಗೆ ಬಿಟ್ಟುಕೊಟ್ರಾ? ಸೇತುವೆ ನೋಡೋವರೆಗೂ ಸುಮ್ಮನಿದ್ದೆ. ಆಮೇಲೆ ಸೀಟಿನ ಬೆನ್ನಿಗೆ ಒಂದೇ ಸಲ ಬಡಿದೆ. ಡ್ರೈವರ್ ನಿಲ್ಲಿಸ್ದ. ನಿಮ್ಮ ಖಾಲಿ ಸೀಟುಗಳನ್ನ ಕೈಮಾಡಿ ತೋರಿಸ್ದೆ, ಬಸ್ಸು ತಿರುಗಿಸ್ದ.

ಕಂಡಕ್ಟರ್: ಆಯ್ತು ಬಿಡು, ತಪ್ಪು ನಂದೇ. ಸ್ವಲ್ಪ ಆ ಕಡೆ ಸರಿ.

ಅವಳು ಕೈಚಾಚಿ ಅವರ ಕೊರಳಿನಿಂದ ವಿಷಲ್ ತೆಗೆದುಕೊಂಡು ಎರಡು ಸಲ ಊದಿದಳು. ಬಾಗಿಲು ಮುಚ್ಚಿತು. ಬಸ್ಸು ಹೊರಟಿತು.

ಹೆಂಡತಿ: ದಾರೀಲಿ ನಿಲ್ಬೇಡಿ. ಒಳಗೆ ಹೋಗಿ, ಒಳಗೆ ಹೋಗಿ, ಹಿಂದುಗಡೆ ಖಾಲಿ ಇದೆ!